ಫೋಟೋ ಬಿಟ್ಟು ಬಾವಿಯ ಲೆಕ್ಕ ಕೇಳಿದ ಮೇಲೆ

ಉಡುಪಿ ಜಿಲ್ಲೆಯ ಒಂದು ಕ್ಲಸ್ಟರಿಗೆ, ಅಂದರೆ ಶಾಲೆಗಳ ಗುಂಪಿಗೆ, ನಾನು ಸಂಪನ್ಮೂಲ ವ್ಯಕ್ತಿ, ಚಿಕ್ಕದಾಗಿ ಸಿಆರ್‌ಪಿ. ಹದಿಮೂರು ಸರ್ಕಾರಿ ಶಾಲೆಗಳಿಗೆ ಹೋಗಿ ಬರುವುದು, ಪಾಠ ನೋಡುವುದು, ಸುತ್ತೋಲೆ ಮುಟ್ಟಿಸುವುದು ನನ್ನ ಕೆಲಸ. ಪರಿಸರದ ಕಾರ್ಯಕ್ರಮಗಳೂ ಇದರಲ್ಲೇ ಬರುತ್ತವೆ.

ಮೊದಲ ಎರಡು ವರ್ಷ ಜೂನ್ 5ರ ಪರಿಸರ ದಿನ ಬಂತು ಅಂದರೆ ಎಲ್ಲಾ ಮುಖ್ಯಶಿಕ್ಷಕರಿಗೆ ವಾಟ್ಸಾಪ್‌ ಸಂದೇಶ ಹಾಕುತ್ತಿದ್ದೆ: ಗಿಡ ನೆಡಿ, ಫೋಟೋ ಕಳಿಸಿ. ಸಂಜೆಯೊಳಗೆ ಹದಿಮೂರೂ ಶಾಲೆಯ ಫೋಟೋ ಬರುತ್ತಿತ್ತು. ವರದಿ ಮೇಲೆ ಹೋಗುತ್ತಿತ್ತು. ಕೆಲಸ ಆಯಿತು ಅಂತಲೇ ನಂಬಿದ್ದೆ.

ಮೂರನೇ ವರ್ಷ ಒಂದು ಶಾಲೆಯ ಗೇಟಿನ ಪಕ್ಕ ಮಕ್ಕಳು ಗುಂಡಿ ತೋಡುತ್ತಿದ್ದರು. ಹೋದ ವರ್ಷದ್ದೇ ಜಾಗ. ಒಬ್ಬ ಹುಡುಗ ಹಳೇ ಗಿಡದ ಒಣ ಕಡ್ಡಿಯನ್ನು ಕಿತ್ತು ಬದಿಗಿಟ್ಟ. ಇದು ಯಾಕೆ ಉಳಿಯಲಿಲ್ಲ ಅಂತ ಅಡುಗೆಯ ಅಕ್ಕನ ಹತ್ತಿರ ಕೇಳಿದೆ.

"ಏಪ್ರಿಲಿನಲ್ಲಿ ಶಾಲೆಗೆ ರಜೆ ಅಲ್ವಾ ಸರ್? ಮಾರ್ಚಿನಲ್ಲಿ ನನಗೆ ಅನ್ನ ಮಾಡಲಿಕ್ಕೇ ಬಾವಿಯ ನೀರು ಸಾಕಾಗುವುದಿಲ್ಲ. ಗಿಡಕ್ಕೆ ಎಲ್ಲಿಂದ ಹಾಕುವುದು?"

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆ ನಮ್ಮದು. ಜುಲೈಯಲ್ಲಿ ಮಳೆಗೆಂದೇ ಶಾಲೆಗೆ ರಜೆ ಕೊಡುತ್ತಾರೆ. ಆದರೆ ಇದು ಮುರಕಲ್ಲಿನ, ಅಂದರೆ ತೂತು ತೂತಾದ ಕೆಂಪು ಕಲ್ಲಿನ ನೆಲ. ಬಾವಿ ಬೇಗ ತುಂಬುತ್ತದೆ, ಮಳೆ ನಿಂತ ಮೇಲೆ ಬೇಗ ಇಳಿಯುತ್ತದೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲೇ ನೀರು ತಳ ಸೇರಿ ಉಡುಪಿ ನಗರ ಪಟ್ಟ ಪಾಡನ್ನು ಇಲ್ಲಿಯವರು ಮರೆತಿಲ್ಲ.

ಆ ವರ್ಷದಿಂದ ನಾನು ಫೋಟೋ ಕೇಳುವುದು ಬಿಟ್ಟೆ. ಒಂದೇ ಲೆಕ್ಕ ಕೇಳಿದೆ: ಸೋಮವಾರ ಬೆಳಿಗ್ಗೆ ಬಾವಿಕಟ್ಟೆಯಿಂದ ನೀರಿಗೆ ಎಷ್ಟು ಅಡಿ?

ಆ ಶಾಲೆಯ ಏಳನೇ ತರಗತಿಯವರು ಒಂದು ನೈಲಾನ್ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿದರು. ಪ್ರತಿ ಐದನೇ ಗಂಟಿಗೆ ಕೆಂಪು ಬಟ್ಟೆ. ತುದಿಗೆ ಒಂದು ಕಲ್ಲು. ಟೀಚರ್ ಪಕ್ಕದಲ್ಲಿ ನಿಂತಿರುತ್ತಾರೆ, ಒಬ್ಬಳು ಹಗ್ಗ ಬಿಡುತ್ತಾಳೆ, ಇನ್ನೊಬ್ಬಳು ಎಣಿಸುತ್ತಾಳೆ. ಕಲ್ಲು ನೀರಿಗೆ ತಾಗಿದ ಸದ್ದು ಕೇಳಲಿ ಅಂತ ಉಳಿದವರೆಲ್ಲ ಗಪ್‌ಚುಪ್. ಜುಲೈಯಲ್ಲಿ ಆರು ಅಡಿ. ನವೆಂಬರಿಗೆ ಹದಿನಾಲ್ಕು. ಮಾರ್ಚಿಗೆ ಇಪ್ಪತ್ತೊಂಬತ್ತು. ಗೋಡೆಯ ಚಾರ್ಟಿನಲ್ಲಿ ಗೆರೆ ಇಳಿಯುತ್ತಾ ಹೋಯಿತು. ಮಕ್ಕಳಿಗೆ ಅದರ ಮುಂದೆ ಭಾಷಣ ಬೇಕಾಗಲಿಲ್ಲ.

ಗಣಿತದ ತರಗತಿಗೂ ಇದೇ ಬಂತು. ಒಂದು ಚದರ ಮೀಟರ್ ಮಾಡಿನ (ಚಾವಣಿಯ) ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ಹಂಚಿನ ಮಾಡು ಅಂದರೆ ವರ್ಷಕ್ಕೆ 4 ಲಕ್ಷ ಲೀಟರ್. ಅಷ್ಟೂ ಅಂಗಳದಿಂದ ತೋಡಿಗೆ ಹರಿದು ಹೋಗುತ್ತಿತ್ತು.

ಮುಂದಿನ ಮಳೆಗಾಲಕ್ಕೆ ಮೊದಲು ಮಾಡಿನ ನೀರನ್ನು ಬಾವಿಗೆ ಬಿಡುವ ಏರ್ಪಾಡು ಮಾಡಿದೆವು. ಮಾಡಿನ ಅಂಚಿಗೆ ಊರವರೊಬ್ಬರು ಕೊಟ್ಟ ಅಡಿಕೆ ದಂಬೆ (ಸೀಳಿದ ಅಡಿಕೆ ಮರದ ಕೊಳವೆ), ಅಲ್ಲಿಂದ ಪೈಪು. ಇಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು. ಸೋಸುವ ಡ್ರಮ್ ಆಮೇಲೆ ಇಟ್ಟರಾಯಿತು ಅಂದುಬಿಟ್ಟೆ. ಮೊದಲ ಮಳೆಗೇ ಹಂಚಿನ ಪಾಚಿ, ಧೂಳು, ಹಕ್ಕಿಯ ಹಿಕ್ಕೆ ಎಲ್ಲಾ ಬಾವಿಗೆ ಹೋಯಿತು. ನೀರು ಕದಡಿ ವಾಸನೆ ಬಂತು. ಬಾವಿ ಶುಚಿ ಮಾಡುವವರೆಗೆ ಆ ಅಕ್ಕ ಪಕ್ಕದ ಮನೆಯಿಂದ ಕೊಡಪಾನದಲ್ಲಿ ನೀರು ಹೊತ್ತು ತಂದರು. ಒಂದು ಮಾತೂ ಬೈಯಲಿಲ್ಲ. ಅದು ನನಗೆ ಇನ್ನೂ ಚುಚ್ಚುತ್ತದೆ. ಈಗ ಯಾವ ಶಾಲೆಗೆ ಹೋದರೂ ಮೊದಲು ಹೇಳುವುದು ಇದನ್ನೇ: ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಡಿ. ಡ್ರಮ್ಮಿನಲ್ಲಿ ಕೆಳಗೆ ಜಲ್ಲಿ, ನಡುವೆ ಇದ್ದಿಲು, ಮೇಲೆ ಹೊಯಿಗೆ (ಮರಳು). ಅದು ಆಗದೆ ಪೈಪನ್ನು ಬಾವಿಗೆ ಹಾಕಬೇಡಿ. ಸೋಸಿದರೂ ಕುಡಿಯುವ ನೀರು ಕುದಿಸಿಯೇ ಕೊಡಿ.

ಇನ್ನೊಂದು ಪ್ರಶ್ನೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎದ್ದಿತು. ಇಂಗಿದ ನೀರು ನಮ್ಮ ಬಾವಿಯಲ್ಲೇ ನಿಲ್ಲುವುದಿಲ್ಲ, ತಗ್ಗಿನ ಮನೆಗಳ ಬಾವಿಗೂ ಹೋಗುತ್ತದೆ. ಶಾಲೆಯ ಹಣದಲ್ಲಿ ಅವರಿಗೆ ಯಾಕೆ ನೀರು ಅಂತ ಒಬ್ಬರು ಕೇಳಿದರು. ಮುಖ್ಯಶಿಕ್ಷಕಿ ಮೆತ್ತಗೆ ಹೇಳಿದರು: "ಬಾವಿ ಹಾಳಾದಾಗ ನಮಗೆ ನೀರು ಕೊಟ್ಟದ್ದು ಅದೇ ಮನೆಯವರಲ್ವಾ?" ಆಮೇಲೆ ಯಾರೂ ಮಾತಾಡಲಿಲ್ಲ. ಸಾಮಾಜಿಕ ಜವಾಬ್ದಾರಿ ಅಂತ ನಾನು ಸುತ್ತೋಲೆಯಲ್ಲಿ ಎಷ್ಟೋ ಸಲ ಓದಿ ಹೇಳಿದ್ದೆ. ಅವತ್ತು ಅರ್ಥವಾದಷ್ಟು ಯಾವತ್ತೂ ಆಗಿರಲಿಲ್ಲ.

ಬೇರೆ ಶಾಲೆಗಳಿಗೆ ನಾನು ಆದೇಶ ಕಳಿಸಲಿಲ್ಲ. ಕ್ಲಸ್ಟರ್ ಸಮಾಲೋಚನಾ ಸಭೆಗೆ ಆ ಹಗ್ಗವನ್ನೂ ಚಾರ್ಟನ್ನೂ ತರಿಸಿದೆ. ಮುಂದಿನ ತಿಂಗಳು ನಾಲ್ಕು ಶಾಲೆಯವರು ತಾವೇ ಹಗ್ಗ ಕಟ್ಟಿದರು. ಮಕ್ಕಳ ಗ್ರಾಮಸಭೆಯಲ್ಲಿ ಒಬ್ಬ ಹುಡುಗಿ ತನ್ನ ಶಾಲೆಯ ಬಾವಿಯ ಅಳತೆಯನ್ನು ತಿಂಗಳು ತಿಂಗಳಾಗಿ ಓದಿದಳು. ಆಗ ನರೇಗಾದಲ್ಲಿ (ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಲ್ಲಿ) ಶಾಲೆಯ ಮಳೆನೀರು ಕೊಯ್ಲಿಗೂ ಅವಕಾಶ ಇತ್ತು. ಪಂಚಾಯತಿನವರು ಅಲ್ಲೇ ಬರೆದುಕೊಂಡರು.

ಎಲ್ಲಾ ಕಡೆ ಆಗಿಲ್ಲ. ಎರಡು ಶಾಲೆಗೆ ಬಾವಿಯೇ ಇಲ್ಲ. ಒಂದರಲ್ಲಿ ಶಿಕ್ಷಕರು ವರ್ಗವಾದ ಮೇಲೆ ಅಳತೆ ನಿಂತಿತು. ಈಗ ಹಗ್ಗದ ಜವಾಬ್ದಾರಿಯನ್ನು ಏಳನೆಯವರು ಹೋಗುವಾಗ ಆರನೆಯವರಿಗೆ ಕೊಟ್ಟು ಹೋಗುವಂತೆ ಮಾಡಿದ್ದೇವೆ. ರಜೆಯಲ್ಲಿ ಶಾಲೆಯ ಹತ್ತಿರದ ಮನೆಯವರು ಅಳೆಯುತ್ತಾರೆ.

ಮೊದಲ ಶಾಲೆಯ ಗೇಟಿನ ಪಕ್ಕ ಒಂದು ನೇರಳೆ ಗಿಡ ಎರಡು ಬೇಸಿಗೆ ದಾಟಿದೆ. ಪಾತ್ರೆ ತೊಳೆದ ನೀರನ್ನು ಅಡುಗೆಯ ಅಕ್ಕ ಅದರ ಬುಡಕ್ಕೆ ಹೋಗುವಂತೆ ಸಣ್ಣ ಕಣಿ (ಕಾಲುವೆ) ಮಾಡಿಟ್ಟಿದ್ದಾರೆ. ರಜೆಯಲ್ಲೂ ವಾರಕ್ಕೆ ಎರಡು ಸಲ ಬಂದು ಒಂದು ಕೊಡ ನೀರು ಹಾಕಿ ಹೋಗುತ್ತಾರಂತೆ.