ಸಣ್ಣ ಬ್ರೆಡ್ಡಿಗೆ ಹುಟ್ಟಿದವರು

ಮಗಳ ಶಾಲೆಯಲ್ಲಿ ಈ ತಿಂಗಳು ನುಡಿಗಟ್ಟುಗಳ ಪಾಠ. ದಿನಾ ಸಂಜೆ ಒಂದು ಹಾಳೆ ಮನೆಗೆ ಬರುತ್ತದೆ. ಎಡಗಡೆ ಫ್ರೆಂಚ್ ಮಾತು, ಬಲಗಡೆ ಅರ್ಥ, ನಡುವೆ ಗೆರೆ ಎಳೆದು ಜೋಡಿಸಬೇಕು. 'ಸೇಬಿನೊಳಗೆ ಬಿದ್ದ' ಅಂದರೆ ಎಚ್ಚರ ತಪ್ಪಿದ. 'ಮೊಲ ಇಟ್ಟ' ಅಂದರೆ ಬರ್ತೀನಿ ಅಂತ ಹೇಳಿ ಬರಲೇ ಇಲ್ಲ. ನಾವು 'ಕೈ ಕೊಟ್ಟ' ಅನ್ನುತ್ತೇವಲ್ಲ, ಅದು. ಗಂಟಲು ಕಟ್ಟಿದರೆ ಇಂಗ್ಲಿಷಿನವರ ಗಂಟಲಲ್ಲಿ ಕಪ್ಪೆ ಕೂತಿರುತ್ತದೆ, ಫ್ರೆಂಚಿನವರ ಗಂಟಲಲ್ಲಿ ಬೆಕ್ಕು. ಎಂದೂ ಆಗದ ಕೆಲಸ ಇಂಗ್ಲಿಷಿನಲ್ಲಿ ಹಂದಿ ಹಾರಿದ ದಿನ ಆಗುತ್ತದೆ, ಫ್ರೆಂಚಿನಲ್ಲಿ ಕೋಳಿಗೆ ಹಲ್ಲು ಬಂದ ದಿನ. ಮಗಳಿಗೆ ಎರಡೂ ಭಾಷೆ ಬರುವುದರಿಂದ ಊಟದ ಹೊತ್ತಿಗೆ ಇದೇ ಮಾತು, ಇದೇ ನಗು.

ನನಗೆ ತುಂಬ ಹಿಡಿಸಿದ್ದು ಒಂದಿದೆ. ಹೇಳದೆ ಕೇಳದೆ ಜಾಗ ಖಾಲಿ ಮಾಡಿದವನನ್ನು ಇಂಗ್ಲಿಷರು 'ಫ್ರೆಂಚ್ ಲೀವ್' ತಗೊಂಡ ಅನ್ನುತ್ತಾರೆ. ಅದೇ ಕೆಲಸಕ್ಕೆ ಫ್ರೆಂಚರು 'ಫಿಲೇ ಆ ಲಾಂಗ್ಲೇಝ್' ಅನ್ನುತ್ತಾರೆ, ಇಂಗ್ಲಿಷರ ಥರ ಜಾರಿಕೊಂಡ ಅಂತ. ಶತಮಾನಗಳ ದಾಯಾದಿ ಜಗಳ ಎರಡು ಪದದಲ್ಲಿ ಇನ್ನೂ ಜೀವಂತವಾಗಿದೆ. ಆ ಜಗಳದ ಒಂದು ತುಣುಕು ನಾನಿರುವ ಕೆನಡಾದ ಮಾಂಟ್ರಿಯಲ್ಲಿಗೂ ಬಂದಿತ್ತು ಅನ್ನುವುದು ನನಗೆ ಸರಿಯಾಗಿ ಗೊತ್ತಾಗಿದ್ದು ಮೇಲಿನ ಮನೆಯ ಮದಾಂ ಬಾಯಿಂದ.

ಮದಾಂಗೆ ಈಗ ಎಂಬತ್ತರ ಆಸುಪಾಸು. ಶಾಲೆಯ ಹಾಳೆಯಲ್ಲಿ ಇಲ್ಲದ, ಕ್ಯೂಬೆಕ್ಕಿನ (ಫ್ರೆಂಚರೇ ಹೆಚ್ಚಿರುವ ನಮ್ಮ ಪ್ರಾಂತ್ಯ) ಮಾತುಗಳನ್ನು ಮಗಳಿಗೆ ಹೇಳಿಕೊಡುವವರು ಅವರೇ. ಮನೆಗೆ ಹೋದರೆ 'ಒಂದು ದಿಮ್ಮಿ ಎಳ್ಕೋ' ಅನ್ನುತ್ತಾರೆ, ಕೂತ್ಕೋ ಅಂತ. ಕಾಡು ಕಡಿದು ಊರು ಕಟ್ಟಿದವರ ಮನೆಯಲ್ಲಿ ಕುರ್ಚಿ ಎಲ್ಲಿ ಬಂತು, ಮರದ ದಿಮ್ಮಿಯೇ ಆಸನ. 'ಟೋಪಿ ಬಿಗಿ ಕಟ್ಕೋ' ಅಂದರೆ ಮುಂದೆ ಜೋರಿದೆ, ಗಟ್ಟಿಯಾಗಿರು ಎಂದರ್ಥ. ಇಲ್ಲಿನ ಜನವರಿ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಹೋದ ಭಾನುವಾರ ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಕೂತು ತಿಪಟೂರಿನ ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅವನ ಮಗಳು ಒಂದನೇ ಕ್ಲಾಸಿಗೆ ಸೇರಿದ್ದಾಳೆ. ನಾವಿಬ್ಬರೂ ಓದಿದ ಸರ್ಕಾರಿ ಶಾಲೆ ಮನೆಯಿಂದ ಕೂಗಳತೆ ದೂರದಲ್ಲಿದೆ. ಆದರೂ ಮಗು ಬೆಳಗ್ಗೆ ಏಳೂವರೆಗೆ ಕಣ್ಣುಜ್ಜಿಕೊಂಡು ವ್ಯಾನು ಹತ್ತಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತದೆ. ಯಾಕೋ ಅಂದೆ. "ಕನ್ನಡ ಮೀಡಿಯಂ ಓದಿ ನಾವು ಕಡಿದು ಕಟ್ಟೆ ಹಾಕಿದ್ದು ಸಾಕು ಕಣಕ್ಕ. ನಮ್ಮ ಹಣೇಲಿ ಬರೆದಿದ್ದೇ ಇಷ್ಟು, ಅವಳಿಗಾದ್ರೂ ಒಳ್ಳೇದಾಗ್ಲಿ" ಅಂದ. ನನ್ನ ಮುಖ ಸಪ್ಪಗಾಗಿದ್ದನ್ನು ನೋಡಿ ಗಿಡಕ್ಕೆ ನೀರು ಹಾಕುತ್ತಿದ್ದ ಮದಾಂ ಏನಾಯ್ತು ಅಂತ ಕೇಳಿದರು. ನನ್ನ ಫ್ರೆಂಚಿನಲ್ಲಿ ಆದಷ್ಟು ಹೇಳಿದೆ. ಅವರು ನೀರಿನ ಕ್ಯಾನು ಕೆಳಗಿಟ್ಟು, "ನೇ ಪೂರ್ ಅಂ ಪ್ತಿ ಪ್ಯಾಂ. ನಮ್ಮಮ್ಮನೂ ಹೀಗೇ ಹೇಳ್ತಿದ್ದಳು. ನಿನ್ನ ತಮ್ಮ ನಮ್ಮ ಬೀದಿಯವನೇ" ಅಂದರು.

ಸಣ್ಣ ಬ್ರೆಡ್ಡಿಗೆ ಹುಟ್ಟಿದವರು. ದೊಡ್ಡ ಬ್ರೆಡ್ಡು ಬೇರೆಯವರದ್ದು, ನಮ್ಮ ಪಾಲಿಗೆ ಇಷ್ಟೇ, ಕಣ್ಣೆತ್ತಿ ನೋಡಬೇಡ. ಒಂದು ಕಾಲದಲ್ಲಿ ಕ್ಯೂಬೆಕ್ಕಿನ ಫ್ರೆಂಚ್ ಮನೆಗಳಲ್ಲಿ ತಾಯಂದಿರು ಮಕ್ಕಳಿಗೆ ಹೇಳುತ್ತಿದ್ದ ಬುದ್ಧಿವಾದ ಇದು.

ಮದಾಂ ತಂದೆ ದುಡಿಯುತ್ತಿದ್ದುದು ಲಾಶಿನ್ ಕಾಲುವೆ ದಡದ ಒಂದು ಕಾರ್ಖಾನೆಯಲ್ಲಿ. ಮದಾಂ ಹದಿನಾರಕ್ಕೇ ಬಟ್ಟೆ ಹೊಲಿಯುವ ಫ್ಯಾಕ್ಟರಿ ಸೇರಿದರು. ಇಬ್ಬರ ಮೇಸ್ತ್ರಿಯೂ ಇಂಗ್ಲಿಷಿನವನೇ. ಶೌಚಕ್ಕೆ ಹೋಗಬೇಕೆಂದರೂ ಇಂಗ್ಲಿಷಿನಲ್ಲಿ ಕೇಳಬೇಕಿತ್ತು. ಅಂಗಡಿಯಲ್ಲಿ ಫ್ರೆಂಚ್ ಮಾತಾಡಿದರೆ 'ಸ್ಪೀಕ್ ವೈಟ್' ಅಂತ ಗದರುವವರಿದ್ದರು. ಬಿಳಿಯರಿಗೇ ಬಿಳಿಯರು 'ಬಿಳಿಯರ ಭಾಷೆ ಮಾತಾಡು' ಅನ್ನುತ್ತಿದ್ದರು ಅಂದರೆ ನಂಬುತ್ತೀರಾ? ನಾನಂತೂ ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡೆ. ಇದು ಅವರೊಬ್ಬರ ನೋವಲ್ಲ. 1961ರ ಜನಗಣತಿಯ ಲೆಕ್ಕ ಇಟ್ಟುಕೊಂಡು ಕೆನಡಾ ಸರ್ಕಾರ ನೇಮಿಸಿದ ರಾಯಲ್ ಕಮಿಷನ್ ಎಂಬ ವಿಚಾರಣಾ ಆಯೋಗ ಕ್ಯೂಬೆಕ್ಕಿನ 14 ಜನವರ್ಗಗಳ ಆದಾಯವನ್ನು ಹೋಲಿಸಿ ನೋಡಿತು. ಬಹುಸಂಖ್ಯಾತರಾಗಿದ್ದ ಫ್ರೆಂಚರು 12ನೇ ಸ್ಥಾನದಲ್ಲಿದ್ದರು. ಎರಡೂ ಭಾಷೆ ಬಲ್ಲ ಫ್ರೆಂಚರಿಗಿಂತ ಇಂಗ್ಲಿಷ್ ಒಂದನ್ನೇ ಬಲ್ಲವರ ಸಂಪಾದನೆ ಹೆಚ್ಚಿತ್ತು. ತಮ್ಮ ನೆಲದಲ್ಲಿ, ತಮ್ಮದೇ ಊರಿನಲ್ಲಿ.

ಆ ಮಾತು ಹೇಗೆ ಸತ್ತಿತು ಅಂತ ಕೇಳಿದೆ. "ಸಾಯಿಸಿದ್ವಿ" ಅಂದರು. 1962ರ ಚುನಾವಣೆಯಲ್ಲಿ ಕ್ಯೂಬೆಕ್ಕಿನ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯ ಥರದ ಹುದ್ದೆಯಲ್ಲಿದ್ದ ಜಾನ್ ಲಸಾಜ್ ಅವರ ಪಕ್ಷ 'ಮೈತ್ರ್ ಶೇ ನೂ' ಎಂಬ ಘೋಷಣೆ ಇಟ್ಟುಕೊಂಡು ನಿಂತಿತು. ನಮ್ಮ ಮನೆಗೆ ನಾವೇ ಯಜಮಾನರು ಅಂತ. ಗೆದ್ದು, ಖಾಸಗಿಯವರ ಕೈಲಿದ್ದ ವಿದ್ಯುತ್ ಕಂಪನಿಗಳನ್ನು ಸರ್ಕಾರದ್ದಾಗಿ ಮಾಡಿದರು. ಅಲ್ಲಿ ಎಂಜಿನಿಯರುಗಳು ಫ್ರೆಂಚಿನಲ್ಲೇ ಅಣೆಕಟ್ಟು ಕಟ್ಟಿದರು. 1977ರಲ್ಲಿ ಫ್ರೆಂಚಿಗೆ ಮೊದಲ ಜಾಗ ಕೊಡುವ ಭಾಷಾ ಕಾಯ್ದೆ ಬಂತು. ಅದನ್ನು ತಂದ ಮಂತ್ರಿ ಕಮೀಯ್ ಲೊರಾಂ ವೃತ್ತಿಯಿಂದ ಮನೋವೈದ್ಯರು. ಕೀಳರಿಮೆ ಇಡೀ ಜನಾಂಗಕ್ಕೆ ಅಂಟಿದಾಗ ಅದನ್ನು ಬಿಡಿಸಲು ಮನೋವೈದ್ಯರೇ ಬೇಕಾಗಿತ್ತೇನೋ ಅಂತ ನನಗನ್ನಿಸಿತು.

ಈ ಕಾಯ್ದೆಯಿಂದಲೇ ನನ್ನ ಮಗಳು ಫ್ರೆಂಚ್ ಶಾಲೆಯಲ್ಲಿದ್ದಾಳೆ. ವಲಸೆ ಬಂದವರ ಮಕ್ಕಳಿಗೆ ಅದೇ ದಾರಿ. ನಾನೂ ಮೂವತ್ತು ದಾಟಿದ ಮೇಲೆ ಕ್ಲಾಸಿನಲ್ಲಿ ಕೂತು ಕ್ರಿಯಾಪದ ಉರು ಹೊಡೆದಿದ್ದೇನೆ, ಸರ್ಕಾರವೇ ಬಿಟ್ಟಿಯಾಗಿ ಕಲಿಸಿತು. ಎಲ್ಲರಿಗೂ ಇದು ಸಿಹಿಯಾಗಿರಲಿಲ್ಲ. ಆ ವರ್ಷಗಳಲ್ಲಿ ಎಷ್ಟೋ ಇಂಗ್ಲಿಷ್ ಕುಟುಂಬಗಳು ಊರು ಬಿಟ್ಟವು, ದೊಡ್ಡ ಕಂಪನಿಗಳ ಮುಖ್ಯ ಕಚೇರಿಗಳು ಟೊರಾಂಟೋಗೆ ಹೋದವು. ಈಗಲೂ ಕಾಯ್ದೆ ಅತಿಯಾಯಿತು ಅನ್ನುವ ಗೆಳೆಯರು ನನಗಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಮದಾಂ ಮೊಮ್ಮಗಳು ಈ ಊರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಅವಳು ರೋಗಿಗಳ ಜೊತೆ ಮಾತಾಡುವುದು, ವರದಿ ಬರೆಯುವುದು ಅಜ್ಜಿಯ ಭಾಷೆಯಲ್ಲೇ. ಅವಳಿಗೆ 'ಸಣ್ಣ ಬ್ರೆಡ್ಡು' ಅನ್ನುವುದು ಅಜ್ಜಿ ಹೇಳುವ ಹಳೇ ಕಾಲದ ಮಾತು ಅಷ್ಟೆ.

ನಮ್ಮ ಅಮ್ಮ ತೆಂಗಿನ ಗರಿ ಸೀಳುತ್ತ ಹೇಳುತ್ತಿದ್ದದ್ದು 'ಪಾಲಿಗೆ ಬಂದದ್ದು ಪಂಚಾಮೃತ', 'ಹಾಸಿಗೆ ಇದ್ದಷ್ಟು ಕಾಲು ಚಾಚು'. ಕೊಬ್ಬರಿ ರೇಟು ಬಿದ್ದ ವರ್ಷಗಳಲ್ಲಿ ಆ ಮಾತುಗಳೇ ನಮ್ಮನ್ನು ಸಾಕಿದವು. ಅವುಗಳ ಬಗ್ಗೆ ನನಗೆ ಗೌರವವಿದೆ, ಸಾಲ ಮಾಡದೆ ಮರ್ಯಾದೆಯಿಂದ ಬಾಳಲು ಕಲಿಸಿದ ಮಾತುಗಳವು. ನನ್ನ ಎದೆ ಉರಿಯುವುದು ಬೇರೆ ಕಾರಣಕ್ಕೆ. ಕ್ಯೂಬೆಕ್ಕಿನವರು ಬ್ರೆಡ್ಡು ಸಣ್ಣದಾಗಿದ್ದಕ್ಕೆ ಬೇಕರಿಯನ್ನೇ ಕೇಳಿದರು. ನಾವು ಭಾಷೆಯನ್ನು ದೂರಿದೆವು. ನಮ್ಮಲ್ಲೂ 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು, ರಾಜ್‌ಕುಮಾರ್ ಹಿಂದೆ ಊರೂರೇ ಬೀದಿಗಿಳಿದಿತ್ತು. ಪ್ರಾಥಮಿಕ ಹಂತದಲ್ಲಿ ಕನ್ನಡ ಮಾಧ್ಯಮ ಕಡ್ಡಾಯ ಮಾಡುವ ಸರ್ಕಾರದ ನೀತಿಯನ್ನು 2014ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆವತ್ತು ನನಗೆ ಬೇಜಾರಾಗಿತ್ತು. ಈಗ ಇಲ್ಲಿ ಕೂತು ನೋಡಿದರೆ, ನಮ್ಮ ಕೂಗೆಲ್ಲ ಶಾಲೆಯ ಗೇಟಿನ ಹತ್ತಿರವೇ ನಿಂತುಬಿಟ್ಟಿತು ಅನ್ನಿಸುತ್ತದೆ. ಇಲ್ಲಿನ ಕಾಯ್ದೆ ಶಾಲೆಯ ಜೊತೆಗೆ ಕಾರ್ಖಾನೆಗೂ ಕಚೇರಿಗೂ ಕೈ ಹಾಕಿತ್ತು. ಐವತ್ತು ಜನ ಕೆಲಸ ಮಾಡುವ ಕಂಪನಿ ಫ್ರೆಂಚಿನಲ್ಲಿ ವ್ಯವಹಾರ ನಡೆಸುತ್ತದೆ ಎಂಬ ಪ್ರಮಾಣಪತ್ರ ಪಡೆಯಬೇಕಿತ್ತು. 2022ರ ತಿದ್ದುಪಡಿಯಲ್ಲಿ ಆ ಮಿತಿಯನ್ನು ಇಪ್ಪತ್ತೈದಕ್ಕೆ ಇಳಿಸಿದರು. ಮೇಸ್ತ್ರಿ ಮೊದಲು ಫ್ರೆಂಚ್ ಕಲಿಯಬೇಕಾಯಿತು.

ಬುಧವಾರ ತಮ್ಮನಿಗೆ ಮತ್ತೆ ಫೋನ್ ಮಾಡಿ ಮದಾಂ ಕಥೆಯನ್ನೆಲ್ಲ ಹೇಳಿದೆ. ಮಗಳನ್ನು ಶಾಲೆ ಬಿಡಿಸು ಅಂತ ಹೇಳಲಿಲ್ಲ, ಆ ಹಕ್ಕು ನನಗಿಲ್ಲ. ಆದರೆ 'ನಮ್ಮ ಹಣೇಲಿ ಬರೆದಿದ್ದು' ಅನ್ನುವ ಮಾತು ಆ ಮಗುವಿನ ಕಿವಿಗೆ ಬೀಳದಿರಲಿ ಅಂತ ಕೇಳಿಕೊಂಡೆ. ಅವನು ಪೂರ್ತಿ ಕೇಳಿಸಿಕೊಂಡು, "ಅಲ್ಲಿ ಬ್ಯಾಂಕಲ್ಲಿ ಕೆಲಸ ಸಿಗಬೇಕಂದ್ರೆ ಫ್ರೆಂಚ್ ಬರಲೇಬೇಕಾ ಅಕ್ಕ?" ಅಂದ.

"ಬರಬೇಕು. ಕೌಂಟರಲ್ಲಿ ಕೂರೋರಿಗೆ ಬರದಿದ್ರೆ ಆಗಲ್ಲ."

"ಇಲ್ಲಿ ನಮ್ಮ ಬ್ಯಾಂಕಿಗೆ ಹೊಸದಾಗಿ ಬಂದಿರೋರಿಗೆ ಕನ್ನಡ ಬರಲ್ಲ. ಅಪ್ಪನ ಪಾಸ್‌ಬುಕ್ ಎಂಟ್ರಿಗೂ ನಾನೇ ಹೋಗಬೇಕು. ಅಪ್ಪನ ಭಾಷೆ ಕಲಿತು ಅವಳು ಆ ಕೌಂಟರಲ್ಲಿ ಕೂರೋ ಹಂಗಾಗ್ಲಿ, ನಾಳೇನೇ ಕನ್ನಡ ಶಾಲೆಗೆ ಸೇರಿಸ್ತೀನಿ. ಅದಕ್ಕೆ ಯಾರನ್ನ ಕೇಳ್ಬೇಕು, ನೀನೇ ಹೇಳು."