ಕರಿಯನ ಅಂಕಗಳು

ನನ್ನ ನಾಯಿ ಕರಿಯನಿಗೆ ಈಗ 14 ವರ್ಷ. ನಿನ್ನೆ ರಾತ್ರಿ ಎದ್ದು ನಿಲ್ಲೋಕೆ ಮೂರು ಸಲ ನೋಡಿದ, ಹಿಂಗಾಲು ಜಾರಿ ಜಾರಿ ಹೋಯ್ತು. ಕೊನೆಗೆ ಮಲಗಿದಲ್ಲೇ ಬಾಲ ಒಂದ್ಸಲ ನೆಲಕ್ಕೆ ಬಡಿದು ನನ್ನ ಮುಖ ನೋಡಿದ.

ಕೊನೆಗಾಲದ ಸಾಕುಪ್ರಾಣಿಯ ಬದುಕು ಇನ್ನೂ ಸಹಿಸೋ ಹಾಗಿದೆಯಾ ಅಂತ ನೋಡೋಕೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೋಸ್ ಮಾಡಿಟ್ಟ ಒಂದು ಅಳತೆಗೋಲಿದೆ. ನೋವು, ಹಸಿವು, ನೀರು, ಶುಚಿ, ಖುಷಿ, ಓಡಾಟ, ಜೊತೆಗೆ ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿಯಾ ಅನ್ನೋದು. ಏಳಕ್ಕೂ ಹತ್ತತ್ತು ಅಂಕ. ಒಟ್ಟು 35 ದಾಟಿದರೆ ಇನ್ನೂ ನೋಡಿಕೊಳ್ಳಬಹುದು ಅಂತ. ಹೋದ ತಿಂಗಳು 41 ಕೊಟ್ಟಿದ್ದೆ. ಇವತ್ತು ಮನಸ್ಸು ಗಟ್ಟಿ ಮಾಡಿಕೊಂಡು ಕೂಡಿಸಿದೆ: 29.

ನೋವಿಗೆ ಅಂಕ ಕೊಡೋದೇ ಕಷ್ಟ. ನಾಯಿಗಳು ನೋವಾದರೂ ಎಷ್ಟೋ ಸಲ ಕೂಗಲ್ಲ. ಸುಮ್ಮನೆ ಏದುಸಿರು ಬಿಡ್ತವೆ, ರಾತ್ರಿಯೆಲ್ಲ ಮಗ್ಗುಲು ಬದಲಿಸ್ತವೆ. ಅದನ್ನೆಲ್ಲ ನಾನು ‘ವಯಸ್ಸಾಯ್ತಲ್ಲ’ ಅಂದುಕೊಂಡೇ ದಿನ ದೂಡಿದೆ. ಕ್ಷಮಿಸು ಕಣೋ.

ಮೊದಲು ಮಂಪರಿನ ಇಂಜೆಕ್ಷನ್, ಪೂರ್ತಿ ನಿದ್ದೆ ಹತ್ತಿದ ಮೇಲೆ ಉಸಿರು ನಿಲ್ಲಿಸೋ ಎರಡನೆಯದು ಅಂದರು ಡಾಕ್ಟರು. ಭಾನುವಾರ ಮನೆಗೇ ಬರ್ತಾರೆ. ಅವನು ನನ್ನ ದನಿ ಗುರುತು ಹಿಡಿಯೋವಾಗಲೇ ಆಗಲಿ ಅಂತ ನಾನೇ ಕೇಳಿಕೊಂಡೆ.

ಈಗ ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಮೂತಿಯೆಲ್ಲ ಬೆಳ್ಳಗಾಗಿದೆ. ಕಿವಿಯ ಹಿಂದಿನ ಕೂದಲು ಮಾತ್ರ ಮರಿಯಿದ್ದಾಗಿನಷ್ಟೇ ಮೆತ್ತಗಿದೆ.