ರೆವ್ ಲಿಮಿಟ್ ಎಷ್ಟಕ್ಕೆ ಇಡಲಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕ್ಯಾಮ್ (ವಾಲ್ವ್ ತೆರೆಯುವ ಉಬ್ಬುದಂಡ) ಬದಲಾಯಿಸಿ, ಹೆಡ್ ಪೋರ್ಟ್ ಮಾಡಿಸಿ (ಗಾಳಿ ಹೋಗಿಬರುವ ದಾರಿ ತಿದ್ದಿಸಿ), ಹೊಸ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕೂರಿಸಿದವರೆಲ್ಲ ಕೇಳುವುದು ಒಂದೇ: "ಲಿಮಿಟ್ 7,500ಕ್ಕೆ ಇಟ್ಟರೆ ಎಂಜಿನ್ ತಡೆಯುತ್ತಾ?" ರೆವ್ ಲಿಮಿಟ್ ಅಂದರೆ ಎಂಜಿನ್ ಇನ್ನೂ ಜೋರಾಗಿ ತಿರುಗದಂತೆ ಇಸಿಯು ಕಟ್ ಮಾಡುವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ). ಮಾರುತಿ ಜಿಪ್ಸಿಯ 1.3 ಲೀಟರ್ 16 ವಾಲ್ವ್ ಎಂಜಿನ್ನನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ. ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಯಲ್ಲಿ, ಊರೂರಿನ ಆಟೋಕ್ರಾಸ್‌ಗಳಲ್ಲಿ ನಮ್ಮವರು ಬಿಚ್ಚಿ ಕಟ್ಟಿ ಪಳಗಿದ ಎಂಜಿನ್ ಅದು. ಬೇರೆ ಎಂಜಿನ್‌ಗೂ ಲೆಕ್ಕದ ದಾರಿ ಇದೇ.

ಮೊದಲು ನೋಡಬೇಕಾದದ್ದು ಪವರ್ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು. ಕಂಪನಿಯ ಕ್ಯಾಮ್‌ನಲ್ಲಿ ಜಿಪ್ಸಿ ಕೊಡುವ 80 ಬಿಎಚ್‌ಪಿ ಬರುವುದು 6,000 ಆರ್‌ಪಿಎಂನಲ್ಲಿ. ಅಲ್ಲಿಂದಾಚೆ ಆರ್‌ಪಿಎಂ ಏರುವುದಕ್ಕಿಂತ ಬೇಗ ಟಾರ್ಕ್ (ತಿರುಗಿಸುವ ಬಲ) ಇಳಿಯುತ್ತದೆ. ಆ ಕ್ಯಾಮ್ ಇಟ್ಟುಕೊಂಡು 7,500ರವರೆಗೆ ಎಳೆದರೆ ಸಿಗುವುದು ಸದ್ದು ಮತ್ತು ಸವೆತ ಮಾತ್ರ. ಹಾಗಂತ ಪವರ್ ತುದಿ ಮುಟ್ಟಿದ ಕೂಡಲೇ ಕಟ್ ಮಾಡುವುದೂ ತಪ್ಪು: ಮುಂದಿನ ಗೇರ್‌ಗೆ ಹಾಕಿದಾಗ ಆರ್‌ಪಿಎಂ ತೀರಾ ಕೆಳಗೆ ಬೀಳುತ್ತದೆ. ಡೈನೋ (ಎಂಜಿನ್ನಿನ ಪವರ್ ಅಳೆಯುವ ಯಂತ್ರ) ಕೊಡುವ ಹಾಳೆಯಲ್ಲಿ ತುದಿ 6,600 ಅಂತ ಬಂದರೆ 7,000-7,100 ಸಾಕು. ಡೈನೋ ಮಾಡಿಸದೆ ಲಿಮಿಟ್ ಏರಿಸಬೇಡಿ. ಆ ದುಡ್ಡು ಉಳಿಸಲು ಹೋಗಿ ಎಂಜಿನ್ ಕಳೆದುಕೊಳ್ಳುವುದು ಬೇಡ.

ಇನ್ನು ಎಂಜಿನ್ ಒಳಗಿನ ಎಳೆತ. ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75.5 ಮಿ.ಮೀ. ಪಿಸ್ಟನ್, ಪಿನ್, ರಿಂಗ್ ಎಲ್ಲ ಸೇರಿ 350 ಗ್ರಾಂ ಅಂತಿಟ್ಟುಕೊಳ್ಳಿ. 6,000 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲಿನ ತುದಿ ಮುಟ್ಟಿ ಕೆಳಗೆ ತಿರುಗುವ ಕ್ಷಣಕ್ಕೆ ಅದು ಕಾನ್‌ರಾಡನ್ನು (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್) ಸುಮಾರು 690 ಕೆಜಿ ಬಲದಿಂದ ಮೇಲಕ್ಕೆ ಎಳೆಯುತ್ತದೆ. 7,000ದಲ್ಲಿ 940 ಕೆಜಿ. 7,500ರಲ್ಲಿ 1,080 ಕೆಜಿ. ಆರ್‌ಪಿಎಂ ಹೆಚ್ಚಿದ್ದು ಕಾಲು ಪಾಲು, ಎಳೆತ ಹೆಚ್ಚಿದ್ದು ಅರ್ಧಕ್ಕೂ ಮೀರಿ, ಏಕೆಂದರೆ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಕಂಪ್ರೆಷನ್ ಸ್ಟ್ರೋಕಿನ ಕೊನೆಯಲ್ಲಿ ಗ್ಯಾಸ್ ಒತ್ತಡ ಪಿಸ್ಟನ್ನನ್ನು ಮೇಲಿಂದ ತಡೆಯುತ್ತದೆ. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ತಡೆಯಲು ಏನೂ ಇರುವುದಿಲ್ಲ. ಆ ಎಳೆತವೆಲ್ಲ ಎರಡೇ ಎರಡು ರಾಡ್ ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಟರ್ಬೊ ಹಾಕಿಸಿದವರೂ ಇದನ್ನು ಗಮನಿಸಬೇಕು. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ರಾಡನ್ನು ಒತ್ತುತ್ತದೆ, ಆರ್‌ಪಿಎಂ ಅದನ್ನು ಎಳೆಯುತ್ತದೆ. ಟರ್ಬೊ ಬಂತೆಂದು ಲಿಮಿಟ್ ಏರಿಸಲು ಕಾರಣವೇ ಇಲ್ಲ.

ಹೋಂಡಾ ಎಸ್2000ದ ಪಿಸ್ಟನ್ 9,000ದಲ್ಲಿ ಸರಾಸರಿ ಸೆಕೆಂಡಿಗೆ 25 ಮೀಟರ್ ಓಡುತ್ತದೆ, ನಮ್ಮದು 7,500ರಲ್ಲಿ ಬರೀ 19 ಅಲ್ಲವೇ ಎಂದು ವಾದಿಸುವವರಿದ್ದಾರೆ. ಆ ಎಂಜಿನ್ನನ್ನು ಫೋರ್ಜ್ಡ್ (ಎರಕದ ಬದಲು ಒತ್ತಿ ಬಡಿದು ಮಾಡಿದ, ಹೆಚ್ಚು ಗಟ್ಟಿಯಾದ) ಪಿಸ್ಟನ್ ಇಟ್ಟು ಅದೇ ವೇಗಕ್ಕೆಂದೇ ಕಟ್ಟಿದ್ದು. ಅದೇ ಹೋಂಡಾ ಸ್ಟ್ರೋಕನ್ನು 84ರಿಂದ 90.7 ಮಿ.ಮೀ.ಗೆ ಏರಿಸಿ 2.2 ಲೀಟರ್ ಮಾಡಿದಾಗ ರೆಡ್‌ಲೈನ್ ಇಳಿಸಿತು.

ರಾಡ್ ಬೋಲ್ಟ್ ವಿಷಯದಲ್ಲಿ ಜುಗ್ಗತನ ಮಾಡಬೇಡಿ. ಹೊಸ ಬೋಲ್ಟ್ ತಂದ ಕೂಡಲೇ ಮೈಕ್ರೋಮೀಟರ್ ಹಿಡಿದು ಒಂದೊಂದರ ಉದ್ದವನ್ನೂ ಕಾಗದದಲ್ಲಿ ಬರೆದಿಡಿ. ಮುಂದೆ ಯಾವಾಗಲಾದರೂ ಎಂಜಿನ್ ಬಿಚ್ಚಿದಾಗ ಮತ್ತೆ ಅಳೆಯಿರಿ. ಮೊದಲಿಗಿಂತ 0.025 ಮಿ.ಮೀ. ಉದ್ದವಾಗಿದ್ದರೆ ಆ ಬೋಲ್ಟ್ ಹಿಗ್ಗಿ ಸತ್ತಿದೆ, ಎಸೆಯಿರಿ. ಎಆರ್‌ಪಿ ಕಂಪನಿಯದ್ದರಂಥ ಗಟ್ಟಿ ಬೋಲ್ಟ್ ಹಾಕುವುದಾದರೆ ಬಿಗ್ ಎಂಡನ್ನು (ರಾಡ್ ಕ್ರ್ಯಾಂಕಿಗೆ ಕೂರುವ ದೊಡ್ಡ ತೂತು) ಮತ್ತೆ ಅಳತೆಗೆ ತರಿಸಲೇಬೇಕು. ಹೊಸ ಬೋಲ್ಟಿನ ಬಿಗಿತ ಬೇರೆ ಇರುವುದರಿಂದ ತೂತಿನ ದುಂಡು ಕೆಡುತ್ತದೆ, ಬೇರಿಂಗ್ ಕಚ್ಚಿಕೊಳ್ಳುತ್ತದೆ.

ಹಲವು ಬಾರಿ ಬೋಲ್ಟಿಗಿಂತ ಮೊದಲು ಸೋಲುವುದು ವಾಲ್ವ್ ಸ್ಪ್ರಿಂಗ್. ಸ್ಪ್ರಿಂಗ್ ಸಾಲದಿದ್ದರೆ ವಾಲ್ವ್ ಕ್ಯಾಮಿನ ಹಿಂದೆ ಹೋಗದೆ ತೇಲುತ್ತದೆ. ಡೈನೋದಲ್ಲಿ 6,700 ಹೊತ್ತಿಗೆ ಗೆರೆ ಗರಗಸದ ಹಲ್ಲಿನಂತಾಗುತ್ತದೆ. ಓಡಿಸುವವರಿಗೆ ಲಿಮಿಟರ್ ಬಡಿದಂತೆ ಕೇಳಿಸುತ್ತದೆ, ಆದರೆ ಲಾಗ್‌ನಲ್ಲಿ (ಇಸಿಯು ಬರೆದಿಟ್ಟ ದಾಖಲೆ) ಕಟ್ ಇರುವುದಿಲ್ಲ. ಹಾಗೆ ಕಂಡರೆ ಅಲ್ಲಿಂದ 300 ಆರ್‌ಪಿಎಂ ಕೆಳಗೆ ಲಿಮಿಟ್ ಇಟ್ಟು, ಸ್ಪ್ರಿಂಗ್ ಬದಲಾಯಿಸುವವರೆಗೆ ಏರಿಸಬೇಡಿ. ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ಹೆಚ್ಚಿರುವ ಕ್ಯಾಮ್ ಆದರೆ, ಪೂರ್ತಿ ತೆರೆದಾಗಲೂ ಸ್ಪ್ರಿಂಗ್ ಸುರುಳಿಗಳ ನಡುವೆ ಒಟ್ಟು 1.5 ಮಿ.ಮೀ. ಸಂದು ಉಳಿಯಬೇಕು. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಇನ್‌ಟೇಕ್‌ನಲ್ಲಿ 2, ಎಕ್ಸಾಸ್ಟ್‌ನಲ್ಲಿ 2.5 ಮಿ.ಮೀ. ಇರಲಿ. ಮಕ್ಕಳು ಆಡುವ ಬಣ್ಣದ ಕ್ಲೇ ಪಿಸ್ಟನ್ ತಲೆಗೆ ಮೆತ್ತಿ, ಸ್ವಲ್ಪ ಎಣ್ಣೆ ಸವರಿ, ಹಳೆ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಟೈಮಿಂಗ್ ಕೂರಿಸಿ ಕ್ರ್ಯಾಂಕನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ. ಹೆಡ್ ತೆಗೆದು ಕ್ಲೇಯನ್ನು ಬ್ಲೇಡಿನಿಂದ ಕೊಯ್ದು, ಅತಿ ತೆಳುವಾದ ಜಾಗವನ್ನು ಅಳೆಯಿರಿ. ಗ್ಯಾಸ್ಕೆಟ್ ಬಳಸಿ ಒತ್ತಿಹೋದದ್ದೇ ಆಗಿರಲಿ, ಹೊಸದರ ದಪ್ಪ ಅಳತೆಯನ್ನು ತಪ್ಪಿಸುತ್ತದೆ.

ಆಯಿಲ್ ಪ್ರೆಷರ್ ಬಿಸಿ ಎಂಜಿನ್‌ನಲ್ಲಿ ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಸಿಗಬೇಕು. ಉದ್ದನೆಯ ತಿರುವಿನಲ್ಲಿ ಪ್ರೆಷರ್ ಮುಳ್ಳು ಅಲುಗಿದರೆ ಸಂಪಿನಲ್ಲಿ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಅಡ್ಡತಗಡು ಹಾಕಿಸುವವರೆಗೆ ಲಿಮಿಟ್ ವಿಚಾರ ಬಿಡಿ.

ಹಾಗಾದರೆ ಜಿಪ್ಸಿಗೆ ಎಷ್ಟು? ಒಳಗಿನದೆಲ್ಲ ಕಂಪನಿಯದೇ ಆಗಿದ್ದರೆ 6,500. ಹೊಸ ಸ್ಪ್ರಿಂಗ್, ಹೊಸ ರಾಡ್ ಬೋಲ್ಟ್, ಹೊಸ ಬೇರಿಂಗ್, ತೂಕ ಸರಿಹೊಂದಿಸಿದ ಪಿಸ್ಟನ್ ಇದ್ದರೆ 7,000. 7,500 ಬೇಕೆಂದರೆ ಫೋರ್ಜ್ಡ್ ರಾಡ್, ಫೋರ್ಜ್ಡ್ ಪಿಸ್ಟನ್, ಬ್ಯಾಲೆನ್ಸ್ ಮಾಡಿದ ಕ್ರ್ಯಾಂಕ್, ಅದಕ್ಕೆ ತಕ್ಕ ಕ್ಯಾಮ್ ಎಲ್ಲವೂ ಬೇಕು. ಯಾವುದಾದರೊಂದು ಇಲ್ಲದಿದ್ದರೂ ನಾನು ಬೇಡ ಅನ್ನುತ್ತೇನೆ.

ಇಸಿಯುನಲ್ಲಿ ಸಂಖ್ಯೆ ಹಾಕುವಾಗ, ಒಂದನೇ ಗೇರಿನಲ್ಲಿ ಅಥವಾ ಚಕ್ರ ಜಾರಿದಾಗ ಕಟ್ ಆದ ಮೇಲೂ ಎಂಜಿನ್ 100-200 ಮೇಲೆ ಹೋಗುತ್ತದೆ ಎಂಬುದು ನೆನಪಿರಲಿ. ಹಾಗಾಗಿ ನಿಜವಾದ ಗರಿಷ್ಠಕ್ಕಿಂತ 200 ಕೆಳಗಿಡಿ, ಅದಕ್ಕೂ 200 ಮೊದಲು ಇಗ್ನಿಷನ್ ಟೈಮಿಂಗ್ ಹಿಂದಕ್ಕೆಳೆಯುವ ಸಾಫ್ಟ್ ಲಿಮಿಟ್ ಇರಲಿ. ತಪ್ಪು ಗೇರ್‌ಗೆ ಮಾತ್ರ ಯಾವ ಲಿಮಿಟರೂ ಅಡ್ಡ ಬರುವುದಿಲ್ಲ. ನಾಲ್ಕನೇ ಗೇರ್ 1.0, ಎರಡನೆಯದು 1.9 ಇರುವ ಬಾಕ್ಸಿನಲ್ಲಿ 5,000ದಲ್ಲಿ ನಾಲ್ಕರಿಂದ ನೇರ ಎರಡಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ನನ್ನು 9,500ಕ್ಕೆ ತಿರುಗಿಸುತ್ತವೆ. ಹಾಗೇನಾದರೂ ಆದರೆ ಲಾಗ್ ತೆಗೆದು ಎಷ್ಟು ಮುಟ್ಟಿತು ನೋಡಿ, ಕಂಪ್ರೆಷನ್ ಪರೀಕ್ಷೆ ಮಾಡಿ, ರಾಡ್ ಬೋಲ್ಟ್ ಬದಲಾಯಿಸದೆ ಮತ್ತೆ ಓಡಿಸಬೇಡಿ.

ಹೊಸ ಲಿಮಿಟ್ ಹಾಕಿ 500 ಕಿ.ಮೀ. ಆದ ಮೇಲೆ ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿನಲ್ಲಿ ಬಿಡಿಸಿ ನೋಡಿ. ಮಡಿಕೆಗಳಲ್ಲಿ ಬೇರಿಂಗಿನ ಚೂರು ಮಿನುಗಿದರೆ ಅವತ್ತೇ 500 ಆರ್‌ಪಿಎಂ ಇಳಿಸಿ, ಸಂಪ್ ಬಿಚ್ಚಿಸಿ.